ಕೊಜುಮೆಲ್‌ಗೆ ಹೋಗಿ ತುಲುಮ್ ನೋಡಿ ಬರುವವರಿಗೆ

ಚಿಕ್ಕಪ್ಪನ ಮಗ ಮೊನ್ನೆ ಒಂದು ಎಕ್ಸೆಲ್ ಶೀಟ್ ಕಳಿಸಿದ. ಜನವರಿಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಚಿಕ್ಕಪ್ಪ ಚಿಕ್ಕಮ್ಮ ಎಲ್ಲರನ್ನೂ ಕಟ್ಟಿಕೊಂಡು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಿಂದ ಕ್ರೂಸ್ ಹೊರಡುತ್ತಿದ್ದಾನೆ. ಹಡಗು ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ನಿಲ್ಲುತ್ತದಂತೆ. ಆ ಎಂಟು ಗಂಟೆಗೆ ಇವನ ಶೀಟಿನಲ್ಲಿ ಹದಿಮೂರು ಸಾಲು. ತುಲುಮ್‌ನಲ್ಲಿ ಹಳೆಯ ಮಾಯಾ ಜನಾಂಗದವರ ಊರಿನ ಅವಶೇಷ, ಸೆನೋಟೆಯಲ್ಲಿ (ನೆಲ ಕುಸಿದು ನೀರು ತುಂಬಿದ ಹೊಂಡ) ಈಜು, ಪ್ಲಾಯಾ ದೆಲ್ ಕಾರ್ಮೆನ್‌ನಲ್ಲಿ ಊಟ, ಟಕೀಲಾ ರುಚಿ ನೋಡುವುದು, ಶಾಪಿಂಗ್, ಕೊನೆಗೆ "ಬೀಚ್ (ಸಮಯ ಇದ್ದರೆ)".

"ಅಕ್ಕ, ಏನಾದ್ರೂ ಬಿಟ್ಟುಹೋಗಿದ್ಯಾ ನೋಡು" ಅಂದ.

"ಕೊಜುಮೆಲ್ ಒಂದು ಬಿಟ್ಟುಹೋಗಿದೆ ಕಣೋ" ಅಂದೆ.

ಅವನಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸಿತು. ಅಲ್ಲ. ಅವನ ಪಟ್ಟಿಯಲ್ಲಿದ್ದ ಮುಖ್ಯವಾದದ್ದೆಲ್ಲ ದ್ವೀಪದಲ್ಲಲ್ಲ, ಸಮುದ್ರದ ಆಚೆ ದಡದಲ್ಲಿದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಇದೇ ಪ್ರಶ್ನೆ ಇನ್ನೂ ಮೂರು ನಾಲ್ಕು ಜನ ಕೇಳಿದ್ದಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಎಂಟಕ್ಕೆ ಹಡಗು ಕಟ್ಟೆಗೆ ಬಂತು ಅಂದರೆ ಎಂಟಕ್ಕೆ ನೀವು ಕೆಳಗಿಳಿದಿರಿ ಅಂತಲ್ಲ. ಅನುಮತಿ ಸಿಕ್ಕಿ, ಲಿಫ್ಟಿನ ಸಾಲು ದಾಟಿ, ಚಿಕ್ಕಮ್ಮ "ನೀರಿನ ಬಾಟಲಿ ಮರೆತೆ" ಅಂತ ವಾಪಸ್ ಹೋಗಿ ಬರುವಷ್ಟರಲ್ಲಿ ಎಂಟೂ ಮುಕ್ಕಾಲು. ಅಲ್ಲಿಂದ ದೋಣಿಕಟ್ಟೆಗೆ ಹೋಗಿ ಸಾಲು ನಿಲ್ಲಬೇಕು. ಫೆರಿಯಲ್ಲಿ ಪ್ಲಾಯಾ ದೆಲ್ ಕಾರ್ಮೆನ್‌ಗೆ ಸುಮಾರು ಮುಕ್ಕಾಲು ಗಂಟೆ. ಅಲ್ಲಿಂದ ತುಲುಮ್‌ಗೆ ಬಸ್ಸಿನಲ್ಲಿ ಇನ್ನೊಂದು ಗಂಟೆ. ಬಸ್ ನಿಂತ ಜಾಗದಿಂದ ಅವಶೇಷಗಳವರೆಗೆ ಬಿಸಿಲಲ್ಲಿ ನಡಿಗೆ. ಬಂದ ದಾರಿಯನ್ನೇ ಮತ್ತೆ ತಿರುಗಿ ಹಾಕಿ. ನಾಲ್ಕಕ್ಕೆ ಹಡಗು ಹೊರಡುತ್ತದೆ ಅಂದರೆ ಸಾಮಾನ್ಯವಾಗಿ ಅರ್ಧ ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು. ಕಳೆದರೆ ನಿಮ್ಮ ಕೈಯಲ್ಲಿ ಉಳಿಯುವುದು ಒಂದೂವರೆ ಗಂಟೆ ತುಲುಮ್, ಐದು ಗಂಟೆ ಸೀಟು.

ಇದನ್ನು ನಾನು ಮಾಡಿ ಬಂದವಳು. ಮೊದಲ ಸಲ ಹೋದಾಗ ಚಳಿಗಾಲ, ಉತ್ತರದಿಂದ ಜೋರು ಗಾಳಿ. ಅಲ್ಲಿಯವರು ಅದನ್ನು "ನೊರ್ತೆ" ಅನ್ನುತ್ತಾರೆ. ಫೆರಿಯಲ್ಲಿ ಅರ್ಧ ಜನ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದರು, ಆ ಅರ್ಧದಲ್ಲಿ ನಮ್ಮ ಯಜಮಾನರೂ ಇದ್ದರು. ತುಲುಮ್ ನೆನಪಿದೆಯಾ ಅಂದರೆ ಅವರಿಗೆ ಇವತ್ತಿಗೂ ನೆನಪಾಗುವುದು ಬಸ್ಸಿನ ಏಸಿ.

ತುಲುಮ್ ನೋಡುವಂಥದ್ದಲ್ಲ ಅಂತ ಯಾರಾದರೂ ಅಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಸಮುದ್ರದ ಬಂಡೆಯ ತುದಿಯಲ್ಲಿ ನಿಂತ, ಸುತ್ತ ಗೋಡೆಯಿರುವ ಊರು ಅದು. ಸ್ಪೇನಿನವರು ಬಂದಾಗಲೂ ಅಲ್ಲಿ ಜನ ಬದುಕುತ್ತಿದ್ದರು. ಅದಕ್ಕೆ ಅರ್ಧ ದಿನವಾದರೂ ಕೊಡಬೇಕು. ಕಾನ್‌ಕುನ್‌ಗೆ ವಿಮಾನವಿದೆ, 2023ರ ಡಿಸೆಂಬರಿನಿಂದ ತುಲುಮ್‌ನಲ್ಲೇ ವಿಮಾನ ನಿಲ್ದಾಣವೂ ಇದೆ. ಇನ್ನೊಮ್ಮೆ ಹೋಗಿ, ಎರಡು ರಾತ್ರಿ ಉಳಿದು ನೋಡಿ. ಇಲ್ಲ, ಇದೇ ಸಲ ನೋಡಲೇಬೇಕು ಅನ್ನುವ ಹಟವಿದ್ದರೆ ಹಡಗಿನವರ ಟೂರಿನಲ್ಲೇ ಹೋಗಿ, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ತಮ್ಮದೇ ಟೂರ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನೀವಾಗಿಯೇ ಹೋಗಿ ತಡವಾದರೆ ಕಾಯುವುದಿಲ್ಲ.

ನನ್ನನ್ನು ಕಾಡುವುದು ಬೇರೆಯದೇ ಒಂದು ವಿಚಾರ. ಕೊಜುಮೆಲ್ ಅನ್ನುವ ಹೆಸರು ಬಂದದ್ದು ಮಾಯಾ ಭಾಷೆಯಿಂದ, ಕವಲುತೋಕೆ ಹಕ್ಕಿಗಳ ದ್ವೀಪ ಎಂಬ ಅರ್ಥದ ಮಾತಿನಿಂದ. (ಸ್ಪೇನಿಷ್‌ನವರು ಕೊಸುಮೆಲ್ ಅನ್ನುತ್ತಾರೆ, ನಮ್ಮ ನಾಲಿಗೆಗೆ ಕೊಜುಮೆಲ್ ಒಗ್ಗಿದೆ.) ದ್ವೀಪದ ನಡುವಿನ ಕಾಡಿನಲ್ಲಿ ಸಾನ್ ಹೆರ್ವಾಸಿಯೊ ಅಂತ ಒಂದು ಜಾಗ. ಇಶ್ಚೆಲ್ ದೇವಿಯ ಕ್ಷೇತ್ರ. ಬಸಿರು, ಹೆರಿಗೆ, ಮದ್ದು ಇವಕ್ಕೆಲ್ಲ ಅವಳೇ ತಾಯಿ. ಮಾಯಾ ಹೆಂಗಸರು ಆಚೆ ದಡದಿಂದ ಹದಿನೆಂಟು ಕಿಲೋಮೀಟರಿನಷ್ಟು ಸಮುದ್ರವನ್ನು ದೋಣಿಯಲ್ಲಿ ದಾಟಿ, ಹರಕೆ ಹೊತ್ತು ಈ ದ್ವೀಪಕ್ಕೆ ಬರುತ್ತಿದ್ದರು. ಅವರು ಹುಟ್ಟು ಹಾಕಿಕೊಂಡು ಬಂದ ಅದೇ ನೀರನ್ನು ನಾವು ಉಲ್ಟಾ ದಿಕ್ಕಿಗೆ ದಾಟಿ ಹೋಗುತ್ತೇವೆ, ಮಾಯಾ ದೇಗುಲ ನೋಡಲು! ದೇವರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಪಕ್ಕದೂರಿಗೆ ದರ್ಶನಕ್ಕೆ ಓಡಿದ ಹಾಗೆ.

ಸಾನ್ ಹೆರ್ವಾಸಿಯೊದಲ್ಲಿ ಎತ್ತರದ ಪಿರಮಿಡ್ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಕುಳ್ಳ ಕಟ್ಟಡಗಳು, ಕಲ್ಲಿನ ಕಮಾನು, ಅದರ ಕೆಳಗೆ ಹಾದುಹೋಗುವ "ಸಕ್ಬೆ", ಅಂದರೆ ಬಿಳಿ ದಾರಿ. ಬಿಸಿಲಿಗೆ ಮೈಯೊಡ್ಡಿ ಮಲಗಿರುವ ಇಗ್ವಾನಾ ಎಂಬ ದೊಡ್ಡ ಹಲ್ಲಿಗಳು. "ಲಾಸ್ ಮನಿತಾಸ್" ಎಂಬ ಒಂದು ಪುಟ್ಟ ಮನೆಯ ಗೋಡೆಯ ಮೇಲೆ ಕೆಂಪು ಬಣ್ಣದ ಅಂಗೈ ಗುರುತುಗಳಿವೆ. ಎರಡನೇ ಸಲ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮ ಆ ಗೋಡೆಯ ಮುಂದೆ ತುಂಬಾ ಹೊತ್ತು ನಿಂತಳು. ಏನಮ್ಮ ಅಂದರೆ, "ಎಷ್ಟು ಸಣ್ಣ ಕೈ ನೋಡೇ" ಅಂದಳು, ಅಷ್ಟೇ. ಮೆಕ್ಸಿಕೋ ಗೆದ್ದ ಸ್ಪೇನಿನ ದಂಡನಾಯಕ ಹೆರ್ನಾನ್ ಕೊರ್ತೆಸ್ 1519ರಲ್ಲಿ ಇದೇ ದ್ವೀಪಕ್ಕೆ ಬಂದಿಳಿದ. ಮರುವರ್ಷ ಇನ್ನೊಂದು ಸ್ಪೇನಿಷ್ ದಂಡಿನ ಜೊತೆ ಸಿಡುಬು ಬಂತು. ಆಮೇಲೆ ಹರಕೆ ಹೊತ್ತು ಬರುವವರೂ ಉಳಿಯಲಿಲ್ಲ, ಬರಮಾಡಿಕೊಳ್ಳುವವರೂ ಹೆಚ್ಚು ಉಳಿಯಲಿಲ್ಲ. ಹೋಗುವವರು ಸೊಳ್ಳೆಗೆ ಹಚ್ಚುವ ಮುಲಾಮು ಮರೆಯಬೇಡಿ, ಅಲ್ಲಿಯ ಸೊಳ್ಳೆಗಳಿಗೆ ಪ್ರವಾಸಿಗರೆಂದರೆ ಬಲು ಪ್ರೀತಿ.

ಎರಡನೆಯದು ಸಮುದ್ರ. ದ್ವೀಪದ ಪಶ್ಚಿಮದ ಬದಿಯಲ್ಲಿ ನೀರು ಸಾಧಾರಣವಾಗಿ ಶಾಂತ, ಗಾಜಿನಷ್ಟು ತಿಳಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಬಿಟ್ಟರೆ ಜಗತ್ತಿನ ಅತಿ ಉದ್ದದ ತಡೆಗೋಡೆ ಹವಳದಿಬ್ಬದ ಒಂದು ತುಣುಕು ಇಲ್ಲಿದೆ. 1996ರಿಂದ ಅದು ರಾಷ್ಟ್ರೀಯ ಉದ್ಯಾನ. ಈಜು ಬಾರದವರೂ ಲೈಫ್ ಜಾಕೆಟ್ ಹಾಕಿಕೊಂಡು ಮುಖವನ್ನು ನೀರೊಳಗೆ ಇಟ್ಟರೆ ಸಾಕು, ಮೀನುಗಳು ಕಾಣುತ್ತವೆ. ಚಾಂಕನಾಬ್ ಉದ್ಯಾನದಲ್ಲಿ ನೀರಿಗಿಳಿಯಲು ಮೆಟ್ಟಿಲಿದೆ, ಕೂರಲು ನೆರಳಿದೆ, ವಯಸ್ಸಾದವರಿಗೆ ಅದೇ ಸರಿ. ಸನ್‌ಸ್ಕ್ರೀನ್ ಬಳಿದುಕೊಂಡು ಹವಳದ ಮೇಲೆ ತೇಲುವ ಬದಲು ಉದ್ದ ತೋಳಿನ ಈಜು ಅಂಗಿ ಹಾಕಿ. ನಕ್ಷತ್ರಮೀನನ್ನು ನೀರಿನಿಂದೆತ್ತಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಫೋಟೋ ಸತ್ತುಹೋಗುತ್ತಿರುವ ಪ್ರಾಣಿಯದ್ದು ಅಂತ ತಿಳಿದೂ ತೆಗೆಸುತ್ತಾರೋ, ತಿಳಿಯದೆಯೋ.

ಪೂರ್ವದ ಬದಿ ಫೋಟೋದಲ್ಲಿ ಇನ್ನೂ ಚೆಂದ. ಜನವಿಲ್ಲದ ಮರಳು, ದೊಡ್ಡ ಅಲೆ. ಆದರೆ ಒಳಸೆಳೆತ ಜೋರು, ಈಜಲು ಹೋಗಬೇಡಿ. ಬೇಸಿಗೆಯಲ್ಲಿ ಸರ್ಗಾಸಮ್ ಎಂಬ ಕಂದು ಕಡಲಕಳೆ ಅಲ್ಲೇ ರಾಶಿ ಬೀಳುತ್ತದೆ. 2011ರಿಂದೀಚೆಗೆ ಕೆರಿಬಿಯನ್ ಪೂರ್ತಿ ಅದರದ್ದೇ ಗೋಳು. ಅಲ್ಲಿಗೆ ಹೋಗಲು ಸ್ಕೂಟರ್ ಬಾಡಿಗೆಗೆ ಸಿಗುತ್ತದೆ. ಒಂದೇ ಮಾತು: ಬೇಡ.

ದುಡ್ಡಿನ ವಿಷಯ. ಮೆಕ್ಸಿಕೋದ ಪೆಸೊಗೂ ಡಾಲರಿಗೂ ಬರೆಯುವ ಚಿಹ್ನೆ ಒಂದೇ. ಮೆನುವಿನಲ್ಲಿ ಆ ಚಿಹ್ನೆಯ ಪಕ್ಕ 200 ಅಂತ ನೋಡಿ ಅಮ್ಮ ಎದ್ದೇ ಬಿಟ್ಟಿದ್ದಳು, "ನಡಿ, ಹಡಗಿನಲ್ಲೇ ಊಟ ಇದೆ" ಅಂತ. ಪೆಸೊ ಅಂತ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು. ಡಾಲರ್ ಎಲ್ಲರೂ ತೆಗೆದುಕೊಳ್ಳುತ್ತಾರೆ, ತಮಗೆ ಬೇಕಾದ ದರದಲ್ಲಿ. ಸ್ವಲ್ಪ ಪೆಸೊ ನಗದು ಇಟ್ಟುಕೊಂಡಿರಿ. ಕಾರ್ಡ್ ಯಂತ್ರ ಡಾಲರೋ ಪೆಸೊವೋ ಅಂತ ಕೇಳಿದರೆ ಪೆಸೊ ಒತ್ತಿ. ಟ್ಯಾಕ್ಸಿಗೆ ಮೀಟರ್ ಇಲ್ಲ, ಜಾಗಕ್ಕೊಂದು ದರ. ಹತ್ತುವ ಮೊದಲೇ ಎಷ್ಟು, ಯಾವ ದುಡ್ಡಿನಲ್ಲಿ, ಒಬ್ಬರಿಗೋ ಗಾಡಿಗೋ, ಮೂರನ್ನೂ ಕೇಳಿ. ಸಸ್ಯಾಹಾರಿಗಳು "ಸಿನ್ ಕಾರ್ನೆ" (ಮಾಂಸ ಬೇಡ) ಅನ್ನಿ, ಆದರೆ ಬೇಯಿಸಿ ಹುರಿದ ಬೀನ್ಸ್ ಕಾಳಿನಲ್ಲಿ ಹಂದಿ ಕೊಬ್ಬು ಇರಬಹುದು. "ಸಿನ್ ಮಾಂತೇಕಾ" ಅಂತಲೂ ಸೇರಿಸಿ.

ಇನ್ನು ಗಡಿಯಾರ. ಇದನ್ನು ಓದಿ, ಬೇರೆಯದೆಲ್ಲ ಮರೆತರೂ ಪರವಾಗಿಲ್ಲ.

ಕೊಜುಮೆಲ್ ಇರುವುದು ಕಿಂತಾನಾ ರೋ ರಾಜ್ಯದಲ್ಲಿ. 2015ರ ಫೆಬ್ರವರಿಯಲ್ಲಿ ಆ ರಾಜ್ಯ ತನ್ನ ಗಡಿಯಾರವನ್ನು ಮುಂದೆ ಮಾಡಿಕೊಂಡು ವರ್ಷಪೂರ್ತಿ ಅದನ್ನೇ ಇಟ್ಟುಕೊಂಡಿತು. ಅಮೆರಿಕದಲ್ಲಿ ಹಾಗಲ್ಲ, ವರ್ಷಕ್ಕೆರಡು ಸಲ ಮುಳ್ಳು ತಿರುಗಿಸುತ್ತಾರೆ. ಹೀಗಾಗಿ ಬೇಸಿಗೆಯಲ್ಲಿ ಮಯಾಮಿಯಿಂದ ಹೊರಟ ಹಡಗು ತನ್ನ ಸಮಯ ಬದಲಿಸದಿದ್ದರೆ, ದ್ವೀಪದ ಗಡಿಯಾರ ಹಡಗಿನದ್ದಕ್ಕಿಂತ ಒಂದು ಗಂಟೆ ಹಿಂದೆ. ನಿಮ್ಮ ಫೋನ್ ದಡದ ಟವರ್ ಹಿಡಿದ ಕೂಡಲೇ ಸದ್ದಿಲ್ಲದೆ ದ್ವೀಪದ ಪಕ್ಷ ಸೇರಿಬಿಡುತ್ತದೆ.

ಅಮ್ಮನ ಜೊತೆ ಹೋಗಿದ್ದು ಜುಲೈನಲ್ಲಿ, ಮಯಾಮಿಯಿಂದ. ಫೋನಿನಲ್ಲಿ ಎರಡೂ ಮುಕ್ಕಾಲು. ಇನ್ನೂ ಬೇಕಾದಷ್ಟು ಹೊತ್ತಿದೆ ಅಂತ ನೆರಳಲ್ಲಿ ಕಾಲು ಚಾಚಿ ಕೂತಿದ್ದೆವು. ಊಟ ಬಡಿಸುತ್ತಿದ್ದ ಹುಡುಗ ನಮ್ಮ ಕೊರಳಲ್ಲಿದ್ದ ಹಡಗಿನ ಕಾರ್ಡ್ ನೋಡಿ, ತನ್ನ ಕೈಗಡಿಯಾರ ತೋರಿಸಿ, ಒಂದು ಬೆರಳೆತ್ತಿ ಏನೋ ಹೇಳಿದ. ಇನ್ನೊಂದು ಪಾನಕ ಬೇಕಾ ಅಂತ ಕೇಳುತ್ತಿದ್ದಾನೆ ಅಂದುಕೊಂಡು ನಾನು "ಸಿ, ಸಿ" ಅಂದೆ. ಅವನು ಬಿಡಲಿಲ್ಲ. ಅರ್ಥವಾದಾಗ ಹಡಗಿನ ಲೆಕ್ಕದಲ್ಲಿ ನಾಲ್ಕಾಗಲು ಹತ್ತು ನಿಮಿಷವಿತ್ತು, ನಾವು ಒಳಗಿರಬೇಕಾದದ್ದು ನಾಲ್ಕೂವರೆಗೆ. ಟ್ಯಾಕ್ಸಿ ಸಿಕ್ಕಿತು, ಕಟ್ಟೆಯೂ ಸಿಕ್ಕಿತು, ಆದರೆ ಕಟ್ಟೆಯ ತುದಿಯವರೆಗೆ ಅಮ್ಮನ ಮಂಡಿನೋವಿನ ಜೊತೆ ಓಡಬೇಕಿತ್ತು. ಮೇಲಿನ ಡೆಕ್‌ಗಳಲ್ಲಿ ಸಾಲಾಗಿ ನಿಂತವರು ಚಪ್ಪಾಳೆ ತಟ್ಟಿ ಕೂಗುತ್ತಿದ್ದರು, ತಡವಾಗಿ ಓಡಿಬರುವವರನ್ನು ನೋಡುವುದು ಹಡಗಿನವರಿಗೆ ಸಂಜೆಯ ಪುಕ್ಕಟೆ ಮನರಂಜನೆ. ಅಮ್ಮ ಅದನ್ನು ಸ್ವಾಗತ ಅಂತಲೇ ತಿಳಿದು, ನಿಂತು, ಕೈಬೀಸಿದಳು. ನಾನು ಕೈಹಿಡಿದು ಎಳೆಯುತ್ತಿದ್ದೇನೆ, ಅವಳು ಬೀಸುತ್ತಿದ್ದಾಳೆ.

ಹಾಗಾಗಿ ಹಳೆಯ ಕೈಗಡಿಯಾರ ಒಂದು ಕಟ್ಟಿಕೊಳ್ಳಿ, ಇಳಿಯುವಾಗ ಹಡಗಿನ ಬಾಗಿಲಲ್ಲಿರುವ ಸಮಯಕ್ಕೆ ಹೊಂದಿಸಿ. ಯಾವ ಕಟ್ಟೆ ಅಂತಲೂ ನೋಡಿಕೊಳ್ಳಿ, ಕೊಜುಮೆಲ್‌ನಲ್ಲಿ ದೊಡ್ಡ ಹಡಗುಗಳಿಗೆ ಮೂರು ಕಟ್ಟೆಗಳಿವೆ. ಪುಂತಾ ಲಂಗೋಸ್ತಾ ಆದರೆ ಇಳಿದರೆ ಪೇಟೆಯೇ, ಉಳಿದೆರಡು ಪೇಟೆಯಿಂದ ಕೆಲವು ಕಿಲೋಮೀಟರ್ ದಕ್ಷಿಣಕ್ಕೆ. ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಕ್ರೂಸ್ ಪ್ರಯಾಣಿಕರು ಬರುವ ದ್ವೀಪ ಅದು. ಒಂದೇ ದಿನ ನಾಲ್ಕೈದು ಹಡಗು ನಿಂತಿದ್ದರೆ ಸಂಜೆ ಟ್ಯಾಕ್ಸಿಗೇ ಸಾಲಿರುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋ ವೀಸಾ ಬೇರೆ ಬೇಡ. ಹಡಗು ಬಿಟ್ಟುಹೋದರೆ ವಾಪಸ್ ಬರಲು ಬೇಕಾದದ್ದೂ ಅದೇ ವೀಸಾ. ಪಾಸ್‌ಪೋರ್ಟನ್ನು ಕೋಣೆಯಲ್ಲೇ ಬಿಡಿ ಅನ್ನುವವರಿದ್ದಾರೆ. ನಾನಂತೂ ನೀರು ಹೋಗದ ಚೀಲದಲ್ಲಿ ಹಾಕಿ ಜೊತೆಗೇ ಒಯ್ಯುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ಚಿಕ್ಕಪ್ಪನ ಮಗ ತನ್ನ ಎಕ್ಸೆಲ್ ಶೀಟನ್ನು ಎರಡು ಸಾಲಿಗೆ ಇಳಿಸಿ ಕಳಿಸಿದ. ಬೆಳಿಗ್ಗೆ ಸಾನ್ ಹೆರ್ವಾಸಿಯೊ, ಆಮೇಲೆ ಚಾಂಕನಾಬ್. ಚಿಕ್ಕಮ್ಮನಿಗೆ ನೆರಳು, ಮಕ್ಕಳಿಗೆ ಮೀನು. "ಈಗ ಸರಿಯಾ ಅಕ್ಕ? ಗೈಡ್ ಬೆಳಿಗ್ಗೆ ಎಂಟೂವರೆಗೆ ಪೇಟೆಯಲ್ಲಿ ಸಿಗ್ತೀನಿ ಅಂದಿದ್ದಾನೆ, ಅಡ್ವಾನ್ಸೂ ಕೊಟ್ಟಾಯ್ತು. ಗಡಿಯಾರದ ಪ್ರಾಬ್ಲಮ್ ನಮಗೆ ಇಲ್ಲ ಅಲ್ವಾ, ನಾವು ಹೋಗೋದು ಜನವರೀಲಿ."

ಜನವರಿಯಲ್ಲಿ, ಗ್ಯಾಲ್ವೆಸ್ಟನ್‌ನಿಂದ. ಅಂದರೆ ಲೆಕ್ಕ ತಲೆಕೆಳಗು. ಚಳಿಗಾಲದ ಟೆಕ್ಸಾಸ್ ಸಮಯಕ್ಕಿಂತ ದ್ವೀಪ ಒಂದು ಗಂಟೆ ಮುಂದೆ. ಹಡಗು ತನ್ನ ಸಮಯದಲ್ಲಿ ಎಂಟಕ್ಕೆ ಕಟ್ಟೆ ಮುಟ್ಟುವಾಗ ಆ ಗೈಡಿನ ಕೈಗಡಿಯಾರದಲ್ಲಿ ಒಂಬತ್ತು. ಹಡಗೇನೂ ಇವರನ್ನು ಬಿಟ್ಟುಹೋಗುವುದಿಲ್ಲ, ಗೈಡ್ ಮಾತ್ರ ಅರ್ಧ ಗಂಟೆ ಕಾದು ಮನೆಗೆ ಹೋಗಿರುತ್ತಾನೆ.

"ಅವನಿಗೆ ಈಗಲೇ ಮೆಸೇಜ್ ಮಾಡೋ" ಅಂದೆ. "ಹತ್ತು ಗಂಟೆ ಅನ್ನು. ಯಾರ ಹತ್ತು ಅಂತಲೂ ಬರಿ."