ಯಾರ ಕೋಣೆಯ ಉಷ್ಣಾಂಶ?

‘ಬೆಣ್ಣೆ ಕೋಣೆಯ ಉಷ್ಣಾಂಶಕ್ಕೆ ಬರಲಿ’ ಅಂತ ಓವನ್ ಅಡುಗೆಯ ವಿವರಣೆಗಳು ಶುರುವಾಗುತ್ತವೆ. ಯಾರ ಕೋಣೆ ಅಂತ ಮಾತ್ರ ಬರೆದಿರುವುದಿಲ್ಲ. ಮೇ ತಿಂಗಳಲ್ಲಿ ರಾಯಚೂರಿನ ಕೋಣೆಯ ಉಷ್ಣಾಂಶಕ್ಕೆ ಬಂದ ಬೆಣ್ಣೆಯನ್ನು ಬಟ್ಟಲಿನಿಂದ ಸುರಿಯಬೇಕು, ಚಮಚಕ್ಕೆ ಅಲ್ಲಿ ಕೆಲಸವಿಲ್ಲ. ಅದರ ಕೆಳಗೇ ಇನ್ನೊಂದು ಸಾಲು: ‘ಚಳಿಯ ಸಂಜೆಗೆ ಹಿತವಾದ ತಿನಿಸು’. ಹೊರಗೆ 42 ಡಿಗ್ರಿ.

ಆದರೂ ಆಲೂಗಡ್ಡೆ, ತಪ್ಪಲು (ಸೊಪ್ಪು), ಚೀಸ್ ಮೂರನ್ನೂ ಸೇರಿಸಿ ಓವನ್ನಿಗೆ ಇಡುವ ಆಸೆ ಬಳ್ಳಾರಿ, ಕೊಪ್ಪಳದವರಿಗೂ ಬರುತ್ತದೆ, ಬರಲಿ. ಒಂದು ಕಿಲೋ ಆಲೂಗಡ್ಡೆ ತಂದರೆ ಮೊದಲು ಒಂದೆರಡನ್ನು ಕೊಯ್ದು ನೋಡಬೇಕು. ಬಿಸಿಲಲ್ಲಿ ಮೂಟೆಯೊಳಗೆ ಉಸಿರುಕಟ್ಟಿದ ಗಡ್ಡೆ ಹೊರಗೆ ನುಣ್ಣಗಿದ್ದು ಒಳಗೆ ನಡುವೆ ಕಪ್ಪಾಗಿರುತ್ತದೆ. ಹಾಗಂತ ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗಿ ರುಚಿ ಸಪ್ಪೆ-ಸಿಹಿ, ಓವನ್ನಿನಲ್ಲಿ ಬೇಗ ಕಪ್ಪು. ಸಿಪ್ಪೆ ಸಮೇತ ತಣ್ಣೀರಿನಿಂದಲೇ ಬೇಯಿಸಿ. ಕುಕ್ಕರಿನಲ್ಲಿ ನಾಲ್ಕು ಸೀಟಿ ಹೊಡೆಸಿದರೆ ಗಡ್ಡೆ ಒಡೆದು ನೀರು ಕುಡಿಯುತ್ತದೆ. ನೀರು ಬಸಿದು, ಐದು ನಿಮಿಷ ಹಬೆಯಾಡಲು ಬಿಟ್ಟು, ಸುಲಿದು, ಬಿಸಿ ಇರುವಾಗಲೇ ಪಾವ್‌ಭಾಜಿಯ ಮ್ಯಾಶರಿನಿಂದ ಮಸೆಯಬೇಕು. ಮಿಕ್ಸಿಗೆ ಹಾಕುವವರ ಹತ್ತಿರ ಮಾತೇ ಬೇಡ. ಪಿಷ್ಟ ಹರಿದು ಗೋಡೆಗೆ ಪೋಸ್ಟರ್ ಹಚ್ಚುವ ಅಂಟಾಗುತ್ತದೆ.

50 ಗ್ರಾಂ ಬೆಣ್ಣೆ, ಅರ್ಧ ಲೋಟ ಬಿಸಿ ಹಾಲು. ಬೆಣ್ಣೆ ಮೊದಲು, ಹಾಲು ಆಮೇಲೆ.

ತಪ್ಪಲಿನ ವಿಷಯಕ್ಕೆ ಬಂದರೆ ಈ ಕಡೆಯವರ ಕೈ ತಾನಾಗಿಯೇ ಪುಂಡಿಪಲ್ಯದ ಮೇಲೆ ಬೀಳುತ್ತದೆ. ಪುಂಡಿ ಹುಳಿ ಸೊಪ್ಪು, ಹಾಕಿದರೆ ಹಾಲು ಒಡೆಯುತ್ತದೆ. ಹಸಿ ಆಲೂಗಡ್ಡೆಯನ್ನು ಅದರ ಜೊತೆ ಬೇಯಲಿಟ್ಟರೆ ಹುಳಿಗೆ ಸೆಟೆದುಕೊಂಡು ಎಷ್ಟು ಹೊತ್ತಾದರೂ ಮೆತ್ತಗಾಗುವುದಿಲ್ಲ. ಬೇಕೇಬೇಕೆಂದರೆ ಬೇರೆ ಬೇಯಿಸಿ, ನೀರು ಚೆಲ್ಲಿ, ಒಂದು ಹಿಡಿ ಮಾತ್ರ, ಅದೂ ಹಾಲು ಬಿಟ್ಟು ಬೆಣ್ಣೆಯಲ್ಲೇ ಮಸೆದಾಗ. ಪಾಲಕ್ ಸುಲಭ: ಎರಡು ಸಿವುಡು, ಒಣ ಬಾಣಲೆಯಲ್ಲಿ ಎರಡು ನಿಮಿಷ ಬಾಡಿಸಿ, ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಹಿಂಡಿದ್ದು ಸಾಕು ಅನ್ನಿಸಿದ ಮೇಲೆ ಇನ್ನೊಂದು ಸಲ. ಅಷ್ಟು ದೊಡ್ಡ ಸಿವುಡುಗಳು ಒಂದು ಮುಷ್ಟಿಗೆ ಇಳಿದಿರಬೇಕು, ಇಲ್ಲದಿದ್ದರೆ ತಟ್ಟೆಯ ತಳದಲ್ಲಿ ಹಸಿರು ನೀರು ನಿಲ್ಲುತ್ತದೆ.

ಪನ್ನೀರ್ ತುರಿದು ಉದುರಿಸಿ, ಕರಗಲಿಲ್ಲವೆಂದು ಓವನ್ನನ್ನು ಬೈಯುವವರಿದ್ದಾರೆ. ಹುಳಿ ಹಿಂಡಿ ಒಡೆಸಿದ ಹಾಲಿನ ಗಟ್ಟಿ ಕರಗುವ ಜಾತಿಯಲ್ಲ, ಒಣಗುತ್ತದೆ ಅಷ್ಟೆ. 100 ಗ್ರಾಂ ಸಂಸ್ಕರಿಸಿದ ಚೀಸ್ ಒಳಗೆ, 50 ಗ್ರಾಂ ಮೊಝರೆಲ್ಲಾ ಮೇಲೆ. ಉಪ್ಪು ಚೀಸ್ ಬೆರೆಸಿದ ಮೇಲೆ ನೋಡಿ ಹಾಕಿ.

ಎಲ್ಲ ಬೆರೆಸಿದ ಮಿಶ್ರಣವನ್ನು ತಟ್ಟೆಯಲ್ಲಿ ಎರಡಂಗುಲ ದಪ್ಪ ಹರಡಿ, ಹತ್ತು ನಿಮಿಷ ಮೊದಲೇ 200 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ 25 ನಿಮಿಷ. ಇಲ್ಲಿನ ಸೆಕೆಗೆ ಓವನ್ ಬೇಗ ಕಾಯಬಹುದೆಂಬ ಆಸೆ ಬೇಡ, ಅದು ಇನ್ನೂ 158 ಡಿಗ್ರಿ ಏರಬೇಕು. ಏರುತ್ತಿರುವಾಗಲೇ ಕರೆಂಟು ಹೋಗುತ್ತದೆ.

ಈಗ ಸ್ವಲ್ಪ ಲೆಕ್ಕ. ರಾಯಚೂರು ಪಕ್ಕದ, ಕೃಷ್ಣೆಯ ದಂಡೆಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಲ್ಲಿ 210 ಮೆಗಾವ್ಯಾಟಿನ ಏಳು ಘಟಕ, 250ರದು ಒಂದು, ಒಟ್ಟು 1720. ಬಳ್ಳಾರಿ ಪಕ್ಕದ ಕುಡತಿನಿಯ ಸ್ಥಾವರದಲ್ಲಿ 500ರ ಎರಡು, 700ರ ಒಂದು, ಒಟ್ಟು 1700. ಎರಡೂ ಸೇರಿ 3420 ಮೆಗಾವ್ಯಾಟ್. ಮನೆಯ ಓವನ್ ಎಳೆಯುವುದು ಒಂದೂವರೆ ಕಿಲೋವ್ಯಾಟ್. ಎಲ್ಲ ಘಟಕಗಳೂ ಪೂರ್ತಿ ಓಡಿ, ತಂತಿಯಲ್ಲಿ ಏನೂ ಸೋರದಿದ್ದರೆ, ಏಕಕಾಲಕ್ಕೆ 22 ಲಕ್ಷ 80 ಸಾವಿರ ಓವನ್ ಕಾಯಿಸಬಹುದು. ತಟ್ಟೆಗೆ ಒಂದು ಕಿಲೋ ಅಂದರೆ 2,280 ಟನ್ ಆಲೂಗಡ್ಡೆ. ಅಷ್ಟು ತಪ್ಪಲು ಹಿಂಡುವವರು ಯಾರು ಅನ್ನುವುದು ಬೇರೆ ಪ್ರಶ್ನೆ. ಕಲ್ಲಿದ್ದಲು ಇಲ್ಲಿ ಉರಿಯುತ್ತದೆ, ಬೂದಿ ಇಲ್ಲಿ ಉಳಿಯುತ್ತದೆ, ಬಿಸಿಲಂತೂ ಇಲ್ಲಿಯದೇ. ಊರೂರಿಗೆ ಬೆಳಕು ಹೋಗಲಿ, ಬೇಡ ಅನ್ನುವವರು ಯಾರು? ಆದರೆ 22 ಲಕ್ಷದ 80 ಸಾವಿರದಲ್ಲಿ ಒಂದೇ ಒಂದು, ಅದೂ 25 ನಿಮಿಷದ ಮಟ್ಟಿಗೆ! ಮನೆಯ ಇನ್ವರ್ಟರ್ ಫ್ಯಾನು ತಿರುಗಿಸೀತು, ಓವನ್ನಿನ ಕಂಬಿ ಕೆಂಪಗೆ ಮಾಡಲಾರದು.

ಕರೆಂಟು ಹೋದಾಗ ಓವನ್ನಿನ ಬಾಗಿಲು ತೆರೆಯಬೇಡಿ. ಒಳಗಿನ ಬಿಸಿ ಹತ್ತು ನಿಮಿಷ ಕೆಲಸ ಮಾಡುತ್ತದೆ. ಅರ್ಧ ಗಂಟೆಯಾದರೆ ಚೀಸ್ ಆರಿ ರಬ್ಬರಾಗುತ್ತದೆ, ಮತ್ತೆ ಕಾಯಿಸಿದರೆ ಎಣ್ಣೆ ಬಿಡುತ್ತದೆ. ಆಗ ಗ್ಯಾಸಿನ ಮೇಲೆ ಪಡ್ಡಿನ ಹಂಚು ಇಡುವುದೇ ಬುದ್ಧಿವಂತಿಕೆ. ತಣಿದ ಮಿಶ್ರಣವನ್ನು ನಿಂಬೆ ಗಾತ್ರದ ಉಂಡೆ ಮಾಡಿ, ಗುಳಿಗೆ ಅರ್ಧ ಚಮಚ ಎಣ್ಣೆ ಬಿಟ್ಟು, ಸಣ್ಣ ಉರಿಯಲ್ಲಿ ಒಂದು ಮಗ್ಗುಲಿಗೆ ನಾಲ್ಕು ನಿಮಿಷ. ಮಿಶ್ರಣ ಸಡಿಲವಿದ್ದರೆ ಎರಡು ಚಮಚ ಜೋಳದ ಹಿಟ್ಟು. ತಿರುವಿ ಹಾಕುವ ಅವಸರ ಬೇಡ: ಚೀಸ್ ಗರಿಯಾಗುವ ಮೊದಲು ಕಡ್ಡಿ ಹಾಕಿದರೆ ಅರ್ಧ ಹಂಚಿನಲ್ಲಿ, ಅರ್ಧ ಕಡ್ಡಿಯಲ್ಲಿ.