ಜಗ್ಗದ ಬಾಣ

ಅಪ್‌ಡೇಟ್ ಮುಗಿದು ಕಂಪ್ಯೂಟರ್ ಮತ್ತೆ ಚಾಲೂ ಆದಾಗ ಎಲ್ಲವೂ ಇದ್ದಲ್ಲೇ ಇರುತ್ತದೆ. ಪರದೆಯ ನಡುವಿನ ಬಾಣವಂತೂ ಇದ್ದಲ್ಲಿಂದ ಕದಲುವುದೇ ಇಲ್ಲ. ಮೌಸನ್ನು ಎಳೆದಾಡಿದರೂ, ಎತ್ತಿ ಕುಕ್ಕಿದರೂ, ಅಂಗಾತ ಮಲಗಿಸಿ ಹೊಟ್ಟೆಯಡಿಯ ಕೆಂಪು ಬೆಳಕನ್ನು ದಿಟ್ಟಿಸಿದರೂ ಅದು ಜಗ್ಗದು. ಬೆಳಕು ಉರಿಯುತ್ತಿದೆಯೆಂದರೆ ಮೌಸಿಗೆ ವಿದ್ಯುತ್ತು ಸಿಗುತ್ತಿದೆ ಎಂದಷ್ಟೇ ಅರ್ಥ. ಮೌಸಿಗೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವೆ ದುಭಾಷಿಯಾಗಬೇಕಾದ ಡ್ರೈವರ್ ಎಂಬ ತಂತ್ರಾಂಶ ಅಪ್‌ಡೇಟಿನ ಗಡಿಬಿಡಿಯಲ್ಲಿ ಬದಲಾಗಿರಬಹುದೆಂಬುದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಡ್ರೈವರನ್ನು ಹಿಂದಿನ ಆವೃತ್ತಿಗೆ ಮರಳಿಸುವ ಗುಂಡಿ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿದೆ, ಅಂದರೆ ಕಂಪ್ಯೂಟರಿನ ಸಾಧನಗಳ ಪಟ್ಟಿಯಲ್ಲಿ. ಆದರೆ ಅಲ್ಲಿಗೆ ಹೋಗಿ ಕ್ಲಿಕ್ ಮಾಡಿ ಎನ್ನುವ ಸಲಹೆಗಾರರು ಕ್ಲಿಕ್ ಮಾಡಲಾಗದಿರುವುದೇ ರೋಗವೆಂಬುದನ್ನು ಮರೆತಿರುತ್ತಾರೆ.

ಆಗ ಕೀಲಿಮಣೆಯೇ ಗತಿ. ಲ್ಯಾಪ್‌ಟಾಪ್ ಆದರೆ ಟಚ್‌ಪ್ಯಾಡನ್ನು ಆಫ್ ಮಾಡುವ ಕೀಲಿಗೆ ಕೈ ತಾಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಅದಲ್ಲವಾದರೆ ವಿಂಡೋಸ್ ಕೀಲಿಯೊಡನೆ ಎಕ್ಸ್ ಒತ್ತಿ, ತೆರೆದ ಪಟ್ಟಿಯಲ್ಲಿ ಬಾಣದ ಕೀಲಿಯಿಂದ ಡಿವೈಸ್ ಮ್ಯಾನೇಜರಿಗೆ ಇಳಿದು, ಎಂಟರ್ ಒತ್ತಿ, ಟ್ಯಾಬ್ ಕೀಲಿಯಿಂದ ಒಂದೊಂದೇ ಮೆಟ್ಟಿಲು ದಾಟುತ್ತ ಸಾಗಬೇಕು. ದಿನವೂ ಕಣ್ಣೆದುರಿಗೇ ಇದ್ದ ಎಷ್ಟೋ ಗುಂಡಿಗಳ ಪರಿಚಯವಾಗುವುದು ಈ ನಡಿಗೆಯಲ್ಲೇ. ಕೊನೆಗೆ ತಲುಪಿದಾಗ ಬೇಕಾದ ಗುಂಡಿಯೇ ಮಸುಕಾಗಿದ್ದರೆ, ಹಿಂದಿನ ಡ್ರೈವರ್ ಉಳಿದಿಲ್ಲವೆಂದು ತಿಳಿಯಬೇಕು. ಆಗ ಇರುವುದನ್ನು ಅನ್‌ಇನ್‌ಸ್ಟಾಲ್ ಮಾಡಿ ಮರುಚಾಲನೆ ಕೊಟ್ಟರೆ, ಸಾಮಾನ್ಯವಾಗಿ ಕಂಪ್ಯೂಟರೇ ಹೊಸದಾಗಿ ಹಾಕಿಕೊಳ್ಳುತ್ತದೆ.

ನನಗೆ ಹೆಚ್ಚು ಇಷ್ಟವಾದುದು ಇನ್ನೊಂದು ಉಪಾಯ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಕೀಲಿಗಳೊಡನೆ ನಮ್ ಲಾಕ್ ಒತ್ತಿ ಒಪ್ಪಿಗೆ ಕೊಟ್ಟರೆ, ಬಲಬದಿಯ ಅಂಕಿಗಳೇ ಮೌಸಾಗುತ್ತವೆ: 8 ಮೇಲಕ್ಕೆ, 2 ಕೆಳಕ್ಕೆ, 4 ಮತ್ತು 6 ಅಕ್ಕಪಕ್ಕಕ್ಕೆ, 5 ಕ್ಲಿಕ್ಕಿಗೆ. ಬಾಣ ಬಸವನಹುಳುವಿನಂತೆ ತೆವಳುತ್ತದೆ, ನಿಜ, ಆದರೂ ತೆವಳುತ್ತದಲ್ಲ!

1968ರ ಡಿಸೆಂಬರ್ 9ರಂದು ಮೌಸಿನ ಜನಕ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೌಸನ್ನು ಸಭೆಯೆದುರು ಪ್ರದರ್ಶಿಸಿದಾಗ ಅವರ ಬಲಗೈಯಲ್ಲಿ ಮೌಸಿದ್ದರೆ, ಎಡಗೈಯಡಿ ಐದು ಕೀಲಿಗಳ ಪುಟ್ಟ ಫಲಕವಿತ್ತು, ನಡುವೆ ಕೀಲಿಮಣೆಯೂ ಇತ್ತು. ಎಲ್ಲ ಭಾರವನ್ನೂ ಒಂದೇ ಕೈಗೆ ಹೊರಿಸಿದವರು ಆಮೇಲಿನ ನಾವು.

ಕೀಲಿಮಣೆಯನ್ನಾದರೂ ಪೂರ್ತಿ ನಂಬಬಹುದೇ ಎಂದರೆ, ಅದೂ ಇಲ್ಲ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 11ರ ಒಂದು ಅಪ್‌ಡೇಟ್, ಕೆಟ್ಟ ಕಂಪ್ಯೂಟರನ್ನು ಸರಿಪಡಿಸಲೆಂದೇ ಇರುವ ರಿಕವರಿ ಪರದೆಯಲ್ಲಿ ಯುಎಸ್‌ಬಿ ಮೌಸನ್ನೂ ಕೀಲಿಮಣೆಯನ್ನೂ ಒಟ್ಟಿಗೇ ನಿಷ್ಕ್ರಿಯಗೊಳಿಸಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು, ಇನ್ನೊಂದು ಅಪ್‌ಡೇಟಿನ ಮೂಲಕ.