ಮಾವನ ಆರೂಕಾಲು ಇಂಚು

ಕೊಡಗಲ್ಲಿ ಮಳೆಗಾಲದ ಶುರುವಿಗೇ ತರಕಾರಿ ಹಾಕೋರಿಗೆ ಸ್ವಲ್ಪ ಹಠ ಜಾಸ್ತಿನೇ ಇರ್ಬೇಕು. ಕುಶಾಲನಗರದ ಕಡೆ ಆದ್ರೆ ಪರ್ವಾಗಿಲ್ಲ, ಆಗಾಗ ಬಿಸಿಲಾದ್ರೂ ಕಾಣತ್ತೆ, ನಾವಿರೋದು ನಾಪೋಕ್ಲು ಆಚೆ, ಇಲ್ಲಿ ಮೃಗಶಿರಾ ಮಳೆ ಹಿಡಿದ್ರೆ ಒಗೆದ ಬಟ್ಟೆನೇ ಒಣಗಲ್ಲ ಇನ್ನು ಟೊಮೆಟೊ ಸಸಿ ಏನ್ ಬದುಕತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ ಬುಡ ನೂಲಿನ ಥರ ಸಣ್ಣಗಾಗಿ, ಕಂದು ತಿರುಗಿ, ಸಾಲಿಗೆ ಸಾಲೇ ಅಡ್ಡ ಮಲಗಿರತ್ತೆ. ಎಲೆ ಮಾತ್ರ ಇನ್ನೂ ಹಸಿರು, ಪಾಪ ಅದಕ್ಕೆ ವಿಷಯ ಗೊತ್ತಾಗಿರಲ್ಲ.

ಮಾವಂಗೆ ಎಲ್ಲಾದಕ್ಕೂ ಒಂದೇ ಮದ್ದು, ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ. ಕರಿಮೆಣಸಿಗೆ ಅಂತ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಕಲಸ್ತಾರಲ್ಲ, ಅದ್ರಲ್ಲಿ ಒಂದು ಬಕೆಟ್ ನನ್ನ ಸಸಿಗಳ ಬುಡಕ್ಕೆ. ಸುಣ್ಣ ಸಾಕಾಯ್ತಾ ಅಂತ ನೋಡೋಕೆ ಕಬ್ಬಿಣದ ಚಾಕು ಅದ್ದಬೇಕು, ಕೆಂಪಗೆ ತಾಮ್ರ ಹಿಡಿದ್ರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಮಾವ ತಗೊಂಡು ಹೋಗಿದ್ದು ಅತ್ತೆ ಹಂದಿ ಕೊಯ್ಯೋ ಚಾಕು. ಆಮೇಲೆ ಏನಾಯ್ತು ಅಂತ ಬರೆಯಲ್ಲ, ಅತ್ತೆ ಇದನ್ನ ಓದ್ತಾರೆ.

ಉಳಿದ ಸಸಿಯೆಲ್ಲ ಬಸವನಹುಳದ ಬಾಯಿಗೆ. ಒದ್ದೆ ಗೋಣಿಚೀಲದ ಅಡಿ ಪಪ್ಪಾಯಿ ತುಂಡು ಇಟ್ರೆ ಬೆಳಿಗ್ಗೆ ಎಲ್ಲಾ ಅಲ್ಲೇ ಸೇರಿರತ್ತೆ, ಹೆಕ್ಕಿ ಉಪ್ಪುನೀರಿಗೆ ಹಾಕೋದು. ಹೆಕ್ಕೋವಾಗ ಕಾಲಿಗೆ ಜಿಗಣೆ ಹತ್ತೋದು ಬೇರೆ ಲೆಕ್ಕ. ಇಷ್ಟರ ಮಧ್ಯೆ ಹುಚ್ಚೆದ್ದು ಬೆಳೆಯೋದು ಅಂದ್ರೆ ಯಾರೂ ತಿರುಗಿ ನೋಡದ ಕೆಸ ಮತ್ತೆ ಸೀಮೆಬದನೆ.

ಆ ಸೀಮೆಬದನೆನೇ ಈ ಸಲ ಮನೆ ಮಾನ ಕಳೆದಿದ್ದು. ಮಳೆಗಾಲದಲ್ಲಿ ಇಲ್ಲಿ ಫೋನ್ ಮಾಡಿದ್ರೆ ಹೇಗಿದ್ದೀರಾ ಅನ್ನೋಕಿಂತ ಮುಂಚೆ ಎಷ್ಟು ಇಂಚು ಅಂತಾರೆ. ಪೇಪರಲ್ಲಿ ಮಿಲಿಮೀಟರ್ ಬಂದ್ರೂ ತೋಟದವರ ಬಾಯಲ್ಲಿ ಇಂಚು, ಸೆಂಟೇ, 100 ಸೆಂಟಿಗೆ 1 ಇಂಚು. ಮಾವನ ರೈನ್ ಗೇಜ್ ಇರೋದು ನನ್ನ ತರಕಾರಿ ಪಾತಿ ಪಕ್ಕ, ಮರದ ನೆರಳಿಲ್ಲದ ಜಾಗ ಅದೊಂದೇ. ಒಂದಿನ ಬೆಳಿಗ್ಗೆ ಕೊಡೆ ಹಿಡ್ಕೊಂಡು ಹೋದವರು ಕೊಡೆ ಮಡಚ್ಕೊಂಡೇ ಓಡಿ ಬಂದ್ರು, ಆರೂಕಾಲು ಇಂಚು! ಯಾವಾಗ್ಲೂ ಮಳೆ ಜಂಬ ಕೊಚ್ಚೋ ಭಾಗಮಂಡಲದ ಭಾವನಿಗೆ ಮೊದಲು, ಆಮೇಲೆ ವಿರಾಜಪೇಟೆ ತಂಗಿಗೆ, ಬೆಂಗಳೂರಲ್ಲಿರೋ ಮಗನಿಗೂ ಫೋನ್ ಹೋಯ್ತು. ಬೇಲಿ ಆಚೆ ತೋಟದವರು ಮಾತ್ರ "ಅಲ್ಲಣ್ಣ, ನಮ್ಮಲ್ಲಿ ಎರಡೂವರೆನೂ ದಾಟಿಲ್ವಲ್ಲ" ಅಂದ್ರು.

"ನಿಮ್ಮ ಗೇಜ್ ಸೋರ್ತಿರಬೇಕು, ನೋಡಿ."

ಮಧ್ಯಾಹ್ನ ನಾನು ಕುಡಿ ಕೊಯ್ಯೋಕೆ ಹೋಗಿ ನೋಡ್ತೀನಿ, ಸೀಮೆಬದನೆ ಚಪ್ಪರ ಬಿಟ್ಟು ಗೇಜಿನ ಕಂಬಕ್ಕೆ ಸುತ್ಕೊಂಡಿದೆ, ಅಂಗೈ ಅಗಲದ ಎಲೆಯೊಂದು ಸರಿಯಾಗಿ ಅದರ ಬಾಯಿಗೇ ಬಗ್ಗಿದೆ, ಚಪ್ಪರದ ನೀರೆಲ್ಲ ಬಳ್ಳಿ ಹಿಡಿದು ಇಳಿದು ಆ ಎಲೆ ತುದಿಯಿಂದ ತೊಟ ತೊಟ ಒಳಗೆ ಬೀಳ್ತಿದೆ. ಮಾವನ್ನ ಕರೆದು ತೋರಿಸಿದೆ. ಸುಮಾರು ಹೊತ್ತು ನೋಡಿದ್ರು.

"ಇದು ಬೆಳಿಗ್ಗೆ ನಾನು ನೋಡಿ ಹೋದ ಮೇಲೆ ಬೆಳೆದಿರೋದಮ್ಮ" ಅಂದ್ರು.

ಸೀಮೆಬದನೆ ಸ್ಪೀಡ್ ನೋಡಿದ್ರೆ ಪೂರ್ತಿ ಸುಳ್ಳು ಅನ್ನೋಕೂ ಆಗಲ್ಲ. ಡೈರಿಲಿ ಆರೂಕಾಲು ಹಾಗೇ ಇದೆ, ಸಾಕ್ಷಿ ಹೇಳಬೇಕಾದ ಕುಡಿ ರಾತ್ರಿ ಪಲ್ಯ ಆಯ್ತು.